ಹೆಣಕ್ಕೆ ಪಟಗಾ

ಸತ್ತವನು ಎದ್ದು ಕೈ ಮುಗಿಯಬಾರದು. ಇದನ್ನು ಕಲಿಯಲು ನಾಟಕದ ತಂಡ ಸೇರಬೇಕಿಲ್ಲ, ಹುಟ್ಟಿದರೆ ಸಾಕು. ಆದರೂ ಬನಹಟ್ಟಿಯ ತುಂಬಿದ ಮಂದಿಯ ಮುಂದೆ ನಾನು ಸತ್ತೆ, ಎದ್ದೆ, ಕೈ ಮುಗಿದೆ, ಮತ್ತೆ ಸತ್ತೆ.

ನಮ್ಮದು ಹವ್ಯಾಸಿ ತಂಡ. ನಾಟಕ ಶಹರದ ಒತ್ತಡದ ಬಗ್ಗೆ. ಸಾಹೇಬನ ಫೋನಿಗೆಲ್ಲ ಬಗ್ಗಿ ಬಗ್ಗಿ ಕೈ ಮುಗಿದು 'ಯಸ್ ಸರ್' ಎನ್ನುತ್ತಲೇ ಒಬ್ಬ ಫ್ಲ್ಯಾಟಿನಲ್ಲಿ ಸಾಯುತ್ತಾನೆ. ಸತ್ತ ಮೇಲೂ ಫೋನು ನಿಲ್ಲುವುದಿಲ್ಲ. ಅಲ್ಲಿಯವರೆಗೆ ನಕ್ಕ ಮಂದಿ, ಕೊನೆಗೆ ಹೆಂಡತಿ ಹೆಣದ ಮುಂದೆ ಕೂತು ಮಾತಾಡುವಾಗ ಗಪ್ಪಾಗಬೇಕು. ಒತ್ತಡದ ಬಗ್ಗೆ ನನಗೇನು ಗೊತ್ತು? ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್‌ಗಾರ್ಡ್ ಅಂಟಿಸುವವನು, ಮಧ್ಯಾಹ್ನ ಗಿರಾಕಿ ಬಂದರೂ ಏಳದೆ ಮಲಗುವವನು. ಆ ಅರ್ಹತೆಯ ಮೇಲೇ ಸಾಯುವವನ ಪಾತ್ರ ಸಿಕ್ಕಿತ್ತು.

ಹೆಂಡತಿಯ ಪಾತ್ರ ಮಾಡಿದವಳು ನಮ್ಮ ಓಣಿಯ ಸೊಸೆ. ನಾನು ಅಕ್ಕ ಎನ್ನುತ್ತೇನೆ. ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಮಾತು ಬಾಯಿಪಾಠ ಮಾಡಿದವಳು. ಅವಳ ಅತ್ತೆ ಮೊದಲೇ ಹೇಳಿಬಿಟ್ಟಿದ್ದಳು: "ಈ ಆಟ ನಾ ಕುಂತು ನೋಡ್ತೀನಿ. ಛಲೋ ಅನಿಸಿದ್ರ ಮುಧೋಳದ ಆಟಕ್ಕ ಕಳಸ್ತೀನಿ. ಇಲ್ಲಂದ್ರ ನಾಟಕಾ ಇಲ್ಲಿಗೇ ಮುಗೀತು."

ಆ ಮುದುಕಿ ಮೊದಲ ಸಾಲಿನಲ್ಲೇ ಕೂತಿತ್ತು.

ಅಕ್ಕ ಕೊನೆಯ ಮಾತು ಶುರು ಮಾಡಿದಳು. ಮಂದಿ ಗಪ್ಪಾದರು. ಅಷ್ಟರಲ್ಲಿ ಮೈಕು ಕಿರುಚಿತು: "ಮಹಾಲಿಂಗಪುರದ ಬೆಲ್ಲದ ವ್ಯಾಪಾರಸ್ಥರು ಈಗ ತಮ್ಮ ಅಳಿಯಗ ಆಯೇರಿ ಮಾಡ್ತಾರ್ರೀ!"

ನಮ್ಮ ಕಡೆ ನಾಟಕ ನಡೆದಿರುವಾಗಲೇ ನೆಂಟರು ರಂಗದ ಮೇಲೆ ಬಂದು ಪಾತ್ರಧಾರಿಗೆ ಉಡುಗೊರೆ ಕೊಡುತ್ತಾರೆ. ಅದೇ ಆಯೇರಿ. ರಾಜನಿರಲಿ ರಾಕ್ಷಸನಿರಲಿ, ಕರೆದ ಕೂಡಲೇ ನಿಂತು ಕೈ ಮುಗಿಯಬೇಕು. ಈ ಸಲ ಆಯೇರಿ ಇಲ್ಲ ಎಂದು ನಾಟಕ ಕಲಿಸಿದ ಮಾಸ್ತರು ಗಂಟಲು ಹರಿದುಕೊಂಡಿದ್ದರು. ಆದರೆ ಬೆಲ್ಲದ ವ್ಯಾಪಾರಿಯಾದ ನನ್ನ ಸೋದರಮಾವನನ್ನು ತಡೆಯುವ ಧೈರ್ಯ ಮೈಕಿನವನಿಗಿರಲಿಲ್ಲ.

ನಾನು ಎದ್ದೆ. ಪ್ಯಾಂಟಿನ ಧೂಳು ಬೇರೆ ಜಾಡಿಸಿಕೊಂಡೆ. ಮಾವ ನನ್ನ ತಲೆಗೆ ಕೇಸರಿ ಪಟಗಾ ಸುತ್ತತೊಡಗಿದ. ಆ ಬಟ್ಟೆ ಜಮಖಂಡಿಯಿಂದ ಬೀಳಗಿಯವರೆಗೆ ಉದ್ದವಿತ್ತು. ಶಿಳ್ಳೆ, ಚಪ್ಪಾಳೆ. ನಾಲ್ಕೂ ದಿಕ್ಕಿಗೆ ಕೈ ಮುಗಿದು, ಪಟಗಾ ಸಮೇತ ಮಲಗಿದೆ. ನಾನು ಸತ್ತಿದ್ದೆ ಎನ್ನುವುದು ಆಗ ನೆನಪಾಯಿತು.

ಅಕ್ಕ ನನ್ನ ಮೇಲೆ ಬಗ್ಗಿದಳು. ಬಾಯಿಂದ ಬಂದದ್ದು ನಾಟಕದ ಮಾತಲ್ಲ. ಗಂಡನಿಗೆ ಹಾಕುತ್ತಿದ್ದ 'ರೀ' ಕೂಡ ಹಾರಿಹೋಗಿತ್ತು.

"ಸತ್ರೂ ಕೈ ಮುಗಿಯೂದು ಬಿಡಲಿಲ್ಲಲ್ಲೋ! ಸಾಹೇಬಗ ಮುಗದಿ, ಮಂದಿಗೆ ಮುಗದಿ. ನಾ ಇಲ್ಲಿ ಕುಂತೇನಿ, ನನ್ನ ಕಡೆ ಒಮ್ಮೆರ ನೋಡಿದೇನು?"

ಪಟಗಾ ಕಿತ್ತು ಎಸೆದಳು. ನನ್ನ ತಲೆ ಹಲಗೆಗೆ ಬಡಿಯಿತು. ಅವಳ ಉಗುಳು ನನ್ನ ಕೆನ್ನೆಗೆ ಸಿಡಿಯುತ್ತಿತ್ತು. ಸಿಟ್ಟು ಖರೇನೇ ಆಗಿತ್ತು. ಯಾರೂ ನಗಲಿಲ್ಲ.

ಪರದೆ ಬಿದ್ದದ್ದೇ ಮಾವನ ಮೇಲೆ ಹರಿಹಾಯ್ದೆ. "ಮಾವಾ, ಹೆಣಕ್ಕ ಯಾರರ ಪಟಗಾ ಸುತ್ತತಾರೇನು?"

"ಯಾಕ ಸುತ್ತಂಗಿಲ್ಲಲೇ? ನಿಮ್ಮಜ್ಜಗ ಪಟಗಾ ಸುತ್ತೇ ಕುಂದರ್ಸಿದ್ವಿ. ಹೆಣಾ ಮಲಗಿಸಿದ್ದ ನಿಮ್ಮ ಮಾಸ್ತರ ತಪ್ಪು!"

ನಮ್ಮಲ್ಲಿ ಸತ್ತವರನ್ನು ಕೂರಿಸಿ ಪಟಗಾ ಕಟ್ಟುವುದು ಖರೆ. ಅದಕ್ಕೇ ಮೈ ಇನ್ನೂ ಉರಿಯಿತು. "ಮತ್ತ ಆಕಿಗೆ ಯಾಕ ಆಯೇರಿ ಮಾಡಲಿಲ್ಲ?"

"ಆಕಿ ಏನು ನಮ್ಮ ಪೈಕಿ ಏನಲೇ?"

ಇಡೀ ನಾಟಕ ಹೊತ್ತವಳಿಗೆ ಏನೂ ಇಲ್ಲ, ಬಿದ್ದುಕೊಂಡವನಿಗೆ ಪಟಗಾ! ಬಂದವರೆಲ್ಲ ನನ್ನ ಬೆನ್ನನ್ನೇ ತಟ್ಟಿದರು. ಒಬ್ಬೊಬ್ಬರನ್ನೂ ಕಚ್ಚಬೇಕೆನಿಸಿತು. ಮೊದಲು ನನ್ನನ್ನೇ ಕಚ್ಚಿಕೊಳ್ಳಬೇಕಿತ್ತು, ಬೆನ್ನು ಬಾಯಿಗೆ ಎಟುಕಲಿಲ್ಲ.

ಒಳಗೆ ಅಕ್ಕ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ನನ್ನತ್ತ ತಿರುಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಮತ್ತೆ ಕೈ ಮುಗಿದೆ. "ಆಯಿ, ತಪ್ಪು ನಂದರಿ. ಆಕೀನ್ನ ಮುಧೋಳಕ್ಕ ಕಳಸ್ರಿ."

ಮುದುಕಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿತು.

"ಮೊದಲ ಆ ಕೈ ಇಳಸು. ಆಕಿ ಮುಧೋಳಕ್ಕ ಬರ್ತಾಳ. ನೀವು ಹೆಣಾ ಬ್ಯಾರೆ ಹುಡುಕ್ರಿ."