ಹದಿನಾಲ್ಕನೆಯ ಕಲಮು ಬರೆದ ಗೂಳಪ್ಪ

ಮಹಾಲಿಂಗನು ಗೂಳಪ್ಪನಿಗೆ ಇನ್ನೂ ಹತ್ತೊಂಬತ್ತು ತಿಂಗಳ ಪಗಾರ ಕೊಡಬೇಕು. ತಿಂಗಳಿಗೆ ಸಾವಿರದ ಎಂಟುನೂರರಂತೆ. ಒಟ್ಟು ಎಷ್ಟಾಯಿತೆಂದು ಬೇಕಾದರೆ ನೀವೇ ಕೂಡಿಸಿಕೊಳ್ಳಿ, ಗೂಳಪ್ಪ ಕೂಡಿಸಿಲ್ಲ. ಮೂವತ್ತು ವರ್ಷ ಭೋಸರಿಯ ಕಾರ್ಖಾನೆಗಳ ಗೇಟಿನ ಮುಂದೆ ನಿಂತು ‘ದುಡಿದದ್ದು ಕೊಡ್ರಿ’ ಎಂದು ಗಂಟಲು ಹರಿದುಕೊಂಡ ಮನುಷ್ಯ ಪಗಾರ ಕೇಳದೆ ಬಿಟ್ಟದ್ದು ಇದೊಂದೇ ಸಲ. ಕೊಡಬೇಕಾದವನು ೨೦೦೬ರ ಏಪ್ರಿಲಿನಲ್ಲಿ ಸತ್ತ. ಬದುಕಿದ್ದಾಗಲೂ ಕೊಡುವ ಮನಸ್ಸು ಅವನಿಗೇನೂ ಇರಲಿಲ್ಲ.

ಗೂಳಪ್ಪ ಇಂಡಿ ಕಡೆಯವನು. ೧೯೬೮ರಲ್ಲಿ ಪುಣೆಗೆ ಬಂದು ಭೋಸರಿಯ ಒಂದು ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ ಟರ್ನರ್ ಆದ, ಎರಡೇ ವರ್ಷದಲ್ಲಿ ಯೂನಿಯನ್ನಿನವನೂ ಆದ. ಆಳು ಗಿಡ್ಡ. ಮೋರ್ಚಾದಲ್ಲಿ ತನ್ನನ್ನು ಮುಂದೆ ನಿಲ್ಲಿಸುತ್ತಿದ್ದದ್ದು ಧೈರ್ಯ ಕಂಡು ಅಲ್ಲ, ಹಿಂದೆ ನಿಂತರೆ ಕಾಣುವುದೇ ಇಲ್ಲ ಅನ್ನುವುದಕ್ಕೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ದನಿ ಮಾತ್ರ ಮೂರು ಆಳಿನದು. ಅದಕ್ಕಿಂತ ದೊಡ್ಡ ಚಟವೆಂದರೆ ಬರವಣಿಗೆ. ಏನೇ ಆಗಲಿ ಅರ್ಜಿ, ಏನೇ ಆಗಲಿ ಕಲಮು. ಬಾಯಿಮಾತನ್ನು ನಂಬಬಾರದು, ಕಾಗದದಲ್ಲಿ ಇರಬೇಕು.

ಮಹಾಲಿಂಗ ಕುಂದಾಪುರದ ಕಡೆಯವನು, ಅದೇ ಕಾರ್ಖಾನೆಯ ಕ್ಯಾಂಟೀನಿನ ಅಡಿಗೆಯವನು. ಅವನ ಸಾಂಬಾರಿನಲ್ಲಿ ಬೆಲ್ಲ ಇರುತ್ತಿತ್ತು. ಗೂಳಪ್ಪ ಕಾರ್ಮಿಕರ ಪರವಾಗಿ ಲಿಖಿತ ದೂರು ಕೊಟ್ಟ, ಮೂರು ಪ್ರತಿಗಳಲ್ಲಿ. ಮಹಾಲಿಂಗ ಸೌಟು ಹಿಡಿದುಕೊಂಡೇ ಹೊರಗೆ ಬಂದ.

“ಹ್ವಾಯ್, ಬೆಲ್ಲ ಬ್ಯಾಡ ಅಂದ್ರೆ ಬಾಯಲ್ಲಿ ಹೇಳಿ ಮಾರಾಯ್ರೆ. ಅರ್ಜಿ ಎಂತಕ್ಕೆ? ನಾನೇನು ಕಂಪನಿ ಮಾಲೀಕನಾ?”

ಎರಡು ವರ್ಷದ ನಂತರ, ಎಪ್ಪತ್ತಾರರಲ್ಲಿ, ಇಬ್ಬರೂ ಬಿಬವೇವಾಡಿಯಲ್ಲಿ ಒಂದು ಖೋಲಿ ಹಿಡಿದರು. ಚುಲತ ಅಣ್ಣತಮ್ಮಂದಿರು, ಅಂದರೆ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಎಂದು ಮನೆಯೊಡತಿಗೆ ಹೇಳಿದರು. ಒಬ್ಬ ಜೋಳದ ರೊಟ್ಟಿ ಬಡಿಯುತ್ತಾನೆ, ಇನ್ನೊಬ್ಬ ಕುಚ್ಚಲಕ್ಕಿ ಗಂಜಿ ಕುಡಿಯುತ್ತಾನೆ, ಇದೆಂಥ ಮನೆತನ ಎಂದು ಆಕೆ ಕೇಳಿದಳು. “ಅವನ್ನ ಸಣ್ಣಾಂವ ಇದ್ದಾಗ ಘಟ್ಟದ ಕೆಳಗ ದತ್ತಕ ಕೊಟ್ಟಿದ್ರುರಿ” ಎಂದ ಗೂಳಪ್ಪ. ಕಾರ್ಖಾನೆಯ ಆಡಳಿತದವರು ಸುಳ್ಳು ಹೇಳಿದರೆ ಮೇಜು ಗುದ್ದುತ್ತಿದ್ದ ಮನುಷ್ಯ ಈ ದತ್ತಕದ ಕತೆಯನ್ನು ಮೂವತ್ತು ವರ್ಷ ಸಾಕಿದ.

ಇಬ್ಬರೂ ಮಾಡಿದ್ದು ಸಂಸಾರ. ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಇಬ್ಬರು ಗಂಡಸರು ಹಾಗೆ ಬದುಕಿದರೆ ಜೀವಾವಧಿಯವರೆಗೆ ಜೈಲು ಎಂದು ಇಂದಿಗೂ, ೨೦೦೮ರಲ್ಲೂ, ಕಾಯಿದೆಯಲ್ಲಿದೆ. ಬ್ರಿಟಿಷರು ಬರೆದು ಹೋದ ಕಲಮು, ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಮಾಲಕರು, ಗೂಂಡಾಗಳು, ಲಾಠಿ ಯಾವುದಕ್ಕೂ ಹೆದರದ ಗೂಳಪ್ಪ ಇದೊಂದಕ್ಕೆ ಹೆದರಿದ. ಹೆದರಿದ್ದಕ್ಕೆ ‘ಸಂಘಟನೆಯ ಹಿತ’ ಎಂದು ಹೆಸರಿಟ್ಟುಕೊಂಡ.

ತೊಂಬತ್ತೆರಡರಲ್ಲಿ ಮೂರು ಯೂನಿಯನ್ನುಗಳು ಸೇರಿ ಒಂದು ಟ್ರಸ್ಟ್ ಮಾಡಿ ಭೋಸರಿಯಲ್ಲಿ ‘ಶ್ರಮಿಕ ವಿಶ್ರಾಮ ಗೃಹ’ ಕಟ್ಟಿದವು. ಇಪ್ಪತ್ತೆರಡು ಮಂಚ. ಕಾಯಿಲೆ ಬಿದ್ದ ಮುದಿ ಕಾರ್ಮಿಕರಿಗಾಗಿ. ನಿಯಮಾವಳಿ ಬರೆಯುವ ಕೆಲಸ ಬೇರೆ ಯಾರಿಗೆ ಹೋಗಬೇಕು? ಅದರ ಹಿಂದಿನ ವರ್ಷವಷ್ಟೇ ಒಂದು ಘಾತವಾಗಿತ್ತು. ಅಂಬಣ್ಣನೆಂಬ ಕಾರ್ಮಿಕ ಆಸ್ಪತ್ರೆಯಲ್ಲಿ ಜ್ವರದಲ್ಲಿ ಮಲಗಿದ್ದಾಗ ಕಾರ್ಖಾನೆಯ ಮಾಲಕನ ಏಜಂಟನೊಬ್ಬ ಸೋದರಮಾವನ ವೇಷದಲ್ಲಿ ಬಂದು, ಹಣೆ ಒರೆಸಿ, ರಾಜೀನಾಮೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದ. ಅದಕ್ಕೇ ಗೂಳಪ್ಪ ಹದಿನಾಲ್ಕನೆಯ ಕಲಮನ್ನು ಕಬ್ಬಿಣದಲ್ಲಿ ಎರಕ ಹೊಯ್ದ. ರೋಗಿಯ ಹತ್ತಿರ ಇರುವವರು, ಅವನ ಪರವಾಗಿ ಸಹಿ ಹಾಕುವವರು ಒಂದೋ ರಕ್ತಸಂಬಂಧಿಗಳು, ಇಲ್ಲವೇ ಕಾಯಿದೆಯ ಪ್ರಕಾರ ಲಗ್ನವಾದವರು, ಅದೂ ಸರಕಾರಿ ಕಾಗದ ತೋರಿಸಿ. ಅವರಿಲ್ಲದಿದ್ದರೆ ರೋಗಿ ಪಗಾರಿ ಸೇವಕನನ್ನು ಇಟ್ಟುಕೊಳ್ಳಬಹುದು. ಸೇವಕನಿಗೆ ಸಹಿಯ ಹಕ್ಕಿಲ್ಲ. ಆದರೆ ಅವನೂ ಕಾರ್ಮಿಕನೇ ಅಲ್ಲವೇ? ಗೂಳಪ್ಪನ ಕರುಳು ಅಲ್ಲಿ ಕರಗಿತು. ಸೇವಕನಿಗೆ ಲಿಖಿತ ನೇಮಕಾತಿ, ದಿನಕ್ಕೆ ಎಂಟೇ ತಾಸು, ಗುರುವಾರ ಕಡ್ಡಾಯ ರಜೆ. ಗುರುವಾರ ಭೋಸರಿಗೆ ಕರೆಂಟಿಲ್ಲದ ದಿನ, ಕಾರ್ಖಾನೆಗಳೆಲ್ಲ ಬಂದ್. ರಜೆಯ ದಿನ ಸೇವಕ ಆವರಣದಲ್ಲಿ ಕಂಡರೆ ಶೋಷಣೆಯೆಂದೇ ಲೆಕ್ಕ.

ಸಭೆಯಲ್ಲಿ ಓದಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮರುದಿನ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಮಹಾಲಿಂಗನಿಗೂ ಓದಿ ಹೇಳಿದ. ಮಹಾಲಿಂಗ ಒಗ್ಗರಣೆ ಸೌಟು ತೊಳೆಯುತ್ತಿದ್ದ.

“ಹ್ವಾಯ್, ನಾನು ಬಿದ್ರೆ ನೀವು ಇದ್ರಲ್ಲಿ ಯಾರ್ ಆತ್ರಿ?”

“ನಿನಗೇನ ಆಗತದ? ಗುಂಡಕಲ್ಲಿನಂಗ ಅದಿ.”

“ಕಲ್ಲಿಗೆ ಕೇಳಿದ್ದಲ್ಲ ನಾನು. ನನಗೆ ಕೇಳಿದ್ದು.”

ಗೂಳಪ್ಪನಿಗೆ ಕಾಗದದಲ್ಲಿ ಅಲ್ಪವಿರಾಮವೊಂದು ತಪ್ಪಿದ್ದು ಕಂಡಿತ್ತು, ಅದನ್ನು ತಿದ್ದುತ್ತಿದ್ದ.

೨೦೦೪ರ ಸೆಪ್ಟೆಂಬರಿನಲ್ಲಿ ಗುಂಡಕಲ್ಲು ಬಿತ್ತು. ಪಾರ್ಶ್ವವಾಯು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಶಬ್ದ: ‘ಹ್ವಾಯ್’. ನೀರಿಗೂ ಅದೇ, ದಿಂಬಿಗೂ ಅದೇ, ಬೈಗುಳಕ್ಕೂ ಅದೇ. ಸರಕಾರಿ ಆಸ್ಪತ್ರೆಯವರು ಇಪ್ಪತ್ತು ದಿನಕ್ಕೆ ಮನೆಗೆ ಒಯ್ಯಿರಿ ಎಂದರು. ಮೂರನೆಯ ಮಜಲಿನ ಖೋಲಿಗೆ ಅವನನ್ನು ಹೊತ್ತು ಏರಿಸುವ ಶಕ್ತಿ ಅರವತ್ತಾರರ ಗೂಳಪ್ಪನಿಗೆ ಇರಲಿಲ್ಲ. ಹಾಗಾಗಿ ವಿಶ್ರಾಮ ಗೃಹ. ಕ್ಯಾಂಟೀನಿನವರೂ ಕಾರ್ಮಿಕರೇ ಎಂದು ಹಿಂದೆ ತಾನೇ ಹೊಡೆದಾಡಿ ಬರೆಸಿದ್ದರಿಂದ ಮಂಚ ಸಿಕ್ಕಿತು. ಮಂಚದ ಪಕ್ಕದ ಜಾಗಕ್ಕೆ ತಕರಾರು ಬಂತು.

ಟ್ರಸ್ಟಿನ ಕಾರ್ಯದರ್ಶಿ ಕಾಂತಪ್ಪ. ಗೂಳಪ್ಪನ ಕೈಯಲ್ಲೇ ಪೋಸ್ಟರ್ ಅಂಟಿಸಲು ಕಲಿತವನು.

“ಕಾಕಾ, ಸಂಬಂಧ ಅನ್ನೂ ಖಾನೆದಾಗ ಏನ ಬರೀಲಿ?”

“ದೋಸ್ತ ಅಂತ ಬರಿ.”

“ದೋಸ್ತಗ ಜಾಗಾ ಇಲ್ಲರಿ. ನೀವ ಇಟ್ಟಿಲ್ಲ.”

“ಹಂಗಾರ ಚುಲತ ತಮ್ಮ ಅಂತ ಬರಿ.”

“ಕಾಗದ ತೋರಸ್ರಿ. ‘ಕಾಗದ ಇಲ್ಲದ ಕಾಕಾ-ಮಾವ ಎಲ್ಲಾ ಮಾಲಕನ ಏಜಂಟರು’ ಅಂತ ಭಾಷಣ ಮಾಡಿದವರು ಯಾರು? ನಾ ಕೂತು ಕೇಳೀನಿ, ಚಪ್ಪಾಳಿ ಹೊಡದೀನಿ.”

ಗೂಳಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಖರೇ ಏನದ ಅದನ್ನ ಬರದ್ರ?”

ಕಾಂತಪ್ಪ ಎದ್ದು ಬಾಗಿಲು ಮುಂದೆ ಮಾಡಿ ಬಂದ. “ನನಗ ಗೊತ್ತಿಲ್ಲೇನ್ರಿ? ಭೋಸರಿಗೆಲ್ಲಾ ಗೊತ್ತದ. ಗೊತ್ತಿದ್ರ ಏನೂ ಆಗೂದಿಲ್ಲ, ಬರದ್ರ ಆಗತದ. ಬರದ ಕಾಗದ ಪೊಲೀಸರ ಕೈಗೆ ಹೋದ್ರ ನೀವು ಜೇಲಿಗೆ, ಅವ್ರು ಮಂಚದಿಂದ ಬೀದಿಗೆ. ನನ್ನ ಕುರ್ಚಿ ವಿಷಯ ಬಿಡ್ರಿ.”

“ಮತ್ತ ನಾ ಅವನ ಹತ್ರ ಹೆಂಗ ಇರ್ಲಿ?”

ಕಾಂತಪ್ಪ ನಿಯಮಾವಳಿ ತಿರುವಿದ. ನಗು ತಡೆದುಕೊಳ್ಳಲು ನೋಡಿದ, ಆಗಲಿಲ್ಲ. “ಒಂದ ಹಾದಿ ಅದರಿ. ಪಗಾರಿ ಸೇವಕ.”

ಹೀಗೆ ಮೂವತ್ತು ವರ್ಷ ಯಾವ ಮಾಲಕನಿಗೂ ತಲೆ ಬಾಗಿಸದ ಗೂಳಪ್ಪ ಮುದಿವಯಸ್ಸಿನಲ್ಲಿ ಆಳಾಗಿ ಸೇರಿದ. ನೇಮಕಾತಿ ಪತ್ರವನ್ನು ಅವನೇ ಬರೆದ, ಮಹಾಲಿಂಗನ ಎಡಗೈ ಹೆಬ್ಬೆಟ್ಟನ್ನು ಅವನೇ ಶಾಯಿಗೆ ಅದ್ದಿ ಒತ್ತಿದ. ರೋಗಿಯ ಹೆಬ್ಬೆಟ್ಟು ಯಾರೂ ಒತ್ತಿಸಿಕೊಳ್ಳಬಾರದೆಂದೇ ಆ ಕಲಮು ಹುಟ್ಟಿದ್ದು. ಮಹಾಲಿಂಗ ಹೆಬ್ಬೆಟ್ಟನ್ನು ನೋಡಿಕೊಂಡ, ಗೂಳಪ್ಪನನ್ನು ನೋಡಿದ, ವಾರೆಯಾದ ಬಾಯಲ್ಲೇ “ಹ್ವಾಯ್” ಎಂದ. ಅಪ್ಪಟ ಮಾಲಕನ ದನಿ.

ಬೆಳಿಗ್ಗೆ ಎಂಟಕ್ಕೆ ಹಾಜರಿ, ಸಂಜೆ ನಾಲ್ಕಕ್ಕೆ ಬಿಡುಗಡೆ. ವಾರ್ಡಿನ ಆಯಾ ರಂಗೂಬಾಯಿ ಅಕ್ಕಲಕೋಟೆಯವಳು, ಕನ್ನಡ ಮರಾಠಿ ಎರಡರಲ್ಲೂ ಸಮನಾಗಿ ಬೈಯಬಲ್ಲವಳು. ನಾಲ್ಕು ಹೊಡೆದೊಡನೆ ಗಡಿಯಾರ ತೋರಿಸುತ್ತಿದ್ದಳು.

“ಚಲಾ ಗೂಳಪ್ಪಾ, ಝಾಲಾ ಟೈಮ. ನಡೀರಿ.”

“ಗಂಜಿ ಅರ್ಧಾ ಆಗೇದ್ರಿ ಬಾಯಿ.”

“ಉಳದದ್ದು ನಾ ಕುಡಸ್ತೀನಿ. ಎಂಟ ತಾಸು ಅಂತ ಬೀದಿ ಬೀದಿ ಒದರಿದವ್ರು ಯಾರು, ನಾನೇನು? ನನಗ ಹದಿನಾರು ತಾಸು ಅದ, ಅದರ ಸಲುವಾಗಿ ಒಂದ ಕಲಮು ಬರೀಲಿಲ್ಲ ನೀವು.”

ಅದೂ ನಿಜವೇ ಆಗಿತ್ತು. ಆಯಾಗಳ ವಿಷಯ ಆಗ ಯಾರಿಗೂ ಹೊಳೆದಿರಲಿಲ್ಲ. ಗೂಳಪ್ಪ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ ಬಸ್ಸಿಗೆ ನಡೆಯುತ್ತಿದ್ದ. ಮೊದಲ ತಿಂಗಳು ಎರಡು ಸಲ ಶೌಚಾಲಯದಲ್ಲಿ ಅಡಗಿ ಕೂತು ನೋಡಿದ. ಎರಡು ಸಲವೂ ರಂಗೂಬಾಯಿ ಬಾಗಿಲು ಬಡಿದು ಹೊರಗೆಳೆದಳು. ಪೊಲೀಸರಿಂದ ತಪ್ಪಿಸಿಕೊಂಡು ನಾಲ್ಕು ತಿಂಗಳು ಭೂಗತನಾಗಿದ್ದವನಿಗೆ ಒಂದು ಸಂಡಾಸಿನಲ್ಲಿ ಅರ್ಧ ತಾಸು ಅಡಗಲಾಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಹಾಲಿಂಗನಿಗೆ ನುಂಗುವುದು ಕಷ್ಟವಾಯಿತು. ಮೂಗಿನಿಂದ ನಳಿಗೆ ಹಾಕಬೇಕೋ ಬೇಡವೋ ಎಂದು ಡಾಕ್ಟರು ಕೇಳಿದರು. ಗೂಳಪ್ಪನನ್ನಲ್ಲ, ಗೋಡೆಯನ್ನು ನೋಡುತ್ತ, “ಮನೆಯವರು ಯಾರು?” ಎಂದು. ಕುಂದಾಪುರದಲ್ಲಿದ್ದ ಮಹಾಲಿಂಗನ ತಂಗಿ ಪಂಕಜಾಕ್ಷಿಗೆ ಆಫೀಸಿನಿಂದ ಫೋನು ಹೋಯಿತು. ಅಣ್ಣನನ್ನು ನೋಡಿ ಇಪ್ಪತ್ತೆಂಟು ವರ್ಷವಾಗಿದ್ದ ಹೆಂಗಸು, “ಅವನಿಗೆ ಏನು ಸೇರತ್ತೆ ಅಂತ ನನಗೇನು ಗೊತ್ತು? ಹತ್ರ ಇದ್ದವ್ರನ್ನ ಕೇಳಿ” ಎಂದಳು. “ಹತ್ರ ಇರೋದು ನೌಕರ ಅಷ್ಟೇ, ಬಾಯಿ” ಎಂದ ಗುಮಾಸ್ತ. ಕೊನೆಗೆ ಅವಳು ಹೂಂ ಎಂದಳು, ನಳಿಗೆ ಬಂತು. ಮಹಾಲಿಂಗ ಎಡಗೈಯಲ್ಲಿ ಅದನ್ನು ಮೂರು ಸಲ ಕಿತ್ತೆಸೆದ. ಬೇಡವೆನ್ನುತ್ತಾನೆಂದು ಗೂಳಪ್ಪನಿಗೆ ಮೊದಲೇ ಗೊತ್ತಿತ್ತು. ಬೆಲ್ಲದ ವಿಷಯದಲ್ಲೇ ಇನ್ನೊಬ್ಬರ ಮಾತು ಕೇಳದ ಆಸಾಮಿ.

೨೦೦೬ರ ಏಪ್ರಿಲ್, ಒಂದು ಗುರುವಾರ, ಬೆಳಗಿನ ಹತ್ತೂವರೆ. ಗೂಳಪ್ಪ ಬಿಬವೇವಾಡಿಯ ಹಜಾಮರ ಅಂಗಡಿಯಲ್ಲಿ ಕೂತಿದ್ದ. ರಜೆಯ ದಿನ ಗಡ್ಡ ಮಾಡಿಸಿಕೊಳ್ಳುತ್ತಿದ್ದ, ಏಕೆಂದರೆ ಶುಕ್ರವಾರ ಮಹಾಲಿಂಗ ಎಡಗೈಯಿಂದ ಅವನ ಕೆನ್ನೆ ಸವರಿ ತಪಾಸಣೆ ಮಾಡುತ್ತಿದ್ದ. ಒಂದು ಕೆನ್ನೆಗೆ ಸೋಪು ಉಳಿದಿರುವಾಗಲೇ ಪಕ್ಕದ ಕಿರಾಣಿ ಅಂಗಡಿಗೆ ರಂಗೂಬಾಯಿಯ ಫೋನು ಬಂತು.

“ಗೂಳಪ್ಪಾ, ಬರ್ರಿ. ಗುರುವಾರ ಇದ್ರೂ ಬರ್ರಿ. ಗೇಟಿನಾಂವ ತಡದ್ರ ನನ್ನ ಹೆಸರ ಹೇಳ್ರಿ.”

“ಹೋದನ?”

“ನಿಮ್ಮನ್ನ ಕರೀತಿದ್ರು. ಒಂದ ಶಬ್ದ ಬರತಿತ್ತಲಾ, ಅದನ್ನ.”

ಎರಡು ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ಹೆಣವನ್ನು ಒಪ್ಪಿಸಿಕೊಳ್ಳುವ ಹಕ್ಕು ಸೇವಕನಿಗೆ ಇಲ್ಲ. ಪಂಕಜಾಕ್ಷಿ ಶುಕ್ರವಾರ ಸಂಜೆ ಬಸ್ಸಿಳಿದು ಬಂದು ಸಹಿ ಹಾಕುವವರೆಗೆ ಮಹಾಲಿಂಗ ಒಂದು ಆಸ್ಪತ್ರೆಯ ಶವಾಗಾರದಲ್ಲಿ ಕಾದ. ಬೆಂಕಿಯನ್ನು ಅವಳು ಗೂಳಪ್ಪನಿಂದಲೇ ಕೊಡಿಸಿದಳು. ಸ್ಮಶಾನದವರು ಸರಕಾರಿ ಕಾಗದ ಕೇಳಲಿಲ್ಲ. ಅಲ್ಲಿನ ನಿಯಮಾವಳಿಯನ್ನು ಪುಣ್ಯಕ್ಕೆ ಗೂಳಪ್ಪ ಬರೆದಿರಲಿಲ್ಲ.

ಹೊರಡುವಾಗ ಪಂಕಜಾಕ್ಷಿ ಹೇಳಿದಳು: “ಇಷ್ಟು ವರ್ಷ ನೀವಿಬ್ರೂ ಒಂದು ಕಾಗದ ಹಾಕ್ಲಿಲ್ಲ. ಹೀಗೆ ಅಂತ ಬರೆದಿದ್ರೆ ನಾನೇನು ಹೊಡೀತಿದ್ನಾ? ಊರೆಲ್ಲ ಅರ್ಜಿ ಬರೆದ್ರಂತಲ್ಲ ನೀವು.”

ಗೂಳಪ್ಪ ಅವಳ ಚೀಲ ಎತ್ತಿಕೊಂಡು ಬಸ್ಸಿನವರೆಗೆ ನಡೆದ.

ಸೋಮವಾರ ಅಂಚೆಯಲ್ಲಿ ಟ್ರಸ್ಟಿನ ಪತ್ರ ಬಂತು. ‘ಮಾಲಕರ ನಿಧನದಿಂದಾಗಿ ತಮ್ಮ ಸೇವೆ ಸಮಾಪ್ತವಾಗಿದೆ. ಬಾಕಿ ಪಗಾರವನ್ನು ಮೃತರ ವಾರಸುದಾರರಿಂದ ಪಡೆದುಕೊಳ್ಳತಕ್ಕದ್ದು.’ ಕಾಂತಪ್ಪನ ಸಹಿ. ನೋಟೀಸಿನ ಒಕ್ಕಣೆ ಗೂಳಪ್ಪನದೇ, ತೊಂಬತ್ತೆರಡರ ಮಾದರಿ. ಗಂಡನೋ ಹೆಂಡತಿಯೋ ಸತ್ತರೆ ಜನ ಬಂದು ಕೂತು ಹೋಗುತ್ತಾರೆ. ಗೂಳಪ್ಪನಿಗೆ ನೌಕರಿಯಿಂದ ತೆಗೆದುಹಾಕಿದ ಕಾಗದ ಬಂತು. ಅದನ್ನು ಅವನು ಎರಡು ಸಲ ಓದಿದ, ಒಂದು ಅಲ್ಪವಿರಾಮ ತಪ್ಪಿತ್ತು, ಈ ಸಲ ತಿದ್ದಲಿಲ್ಲ.

೨೦೦೭ರ ವಾರ್ಷಿಕ ಸಭೆಗೆ ಅವನು ಒಂದು ತಿದ್ದುಪಡಿ ಬರೆದುಕೊಂಡು ಹೋದ. ಹದಿನಾಲ್ಕನೆಯ ಕಲಮಿಗೆ ಒಂದೇ ಸಾಲು: ‘ಅಥವಾ ರೋಗಿಯು ನನ್ನವರು ಎಂದು ಬರೆದುಕೊಟ್ಟ ಯಾರೇ ಆಗಲಿ.’ ಸದಸ್ಯರು ನಲವತ್ತೊಂದು ಜನ. ಹಿಂದಿನ ಸಾಲಿನಿಂದ ಒಬ್ಬ ಕೂಗಿದ, “ಮತ್ತ ಏಜಂಟರು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡ್ರ?”

“ಕಾಯಿಲೆ ಬೀಳೂ ಮೊದಲ, ಇಬ್ಬರು ಸದಸ್ಯರ ಎದುರು ಬರಸ್ಕೊಳ್ರಿ. ಸಾಲಿನ ಕೆಳಗ ಟಿಪ್ಪಣಿದಾಗ ಅದನ್ನೂ ಹಾಕೀನಿ.”

“ನಿಮಗ್ಯಾಕ ಇಷ್ಟು ಉಸಾಬರಿ? ಆ ಅಡಿಗ್ಯಾಂವ ನಿಮಗ ಏನಾಗಬೇಕಿತ್ತು?”

ಯಾರೋ ನಕ್ಕರು. ಗೂಳಪ್ಪ ಕುರ್ಚಿ ಹಿಡಿದು ಎದ್ದು ನಿಂತ. ನಿಂತರೂ ಹಿಂದಿನವರಿಗೆ ಕಾಣಲಿಲ್ಲ, ಅದಕ್ಕೆ ಕುರ್ಚಿಯ ಮೇಲೆ ಹತ್ತಿದ. ರಂಗೂಬಾಯಿ ಬಾಗಿಲಿನಿಂದ ಓಡಿಬಂದು ಕುರ್ಚಿಯ ಕಾಲು ಹಿಡಿದುಕೊಂಡಳು.

“ಮೂವತ್ತ ವರ್ಷ ಅವನ ಜೊತಿ ಸಂಸಾರ ಮಾಡೀನಿ. ದತ್ತಕದ ಕತಿ ಸುಳ್ಳು. ಏಜಂಟರ ಸಲುವಾಗಿ ಬಾಗಲಕ್ಕ ಕೀಲಿ ಹಾಕಿದ್ಯಾ, ಒಳಗ ಅವ ಉಳದಾ, ಹೊರಗ ನಾ ಉಳದ್ಯಾ. ಶಾಣ್ಯಾ ಇದ್ಯಾ ನಾನು. ಪೊಲೀಸರನ್ನ ಕರಸೂದಿದ್ರ ಕರಸ್ರಿ, ಗುರುವಾರ ಬ್ಯಾಡ, ಗುರುವಾರ ನನಗ ರಜಾ.”

ಕೈ ಎತ್ತಲು ಹೇಳಿದಾಗ ಎದ್ದದ್ದು ಒಂಬತ್ತು ಕೈ. ಅದರಲ್ಲಿ ಒಂದು ಅಂಬಣ್ಣನದು, ಏಜಂಟನಿಗೆ ಹೆಬ್ಬೆಟ್ಟು ಕೊಟ್ಟ ಅದೇ ಅಂಬಣ್ಣ. ಹತ್ತನೆಯದು ರಂಗೂಬಾಯಿಯದು. ಅವಳು ಸದಸ್ಯೆಯಲ್ಲ, ಹಾಗಾಗಿ ಎಣಿಸಲಿಲ್ಲ. ಕಾಂತಪ್ಪ ಕೈ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಪಾಸಾಗಲು ಅಷ್ಟು ಸಾಲದು, ವಿಷಯ ಮುಂದಿನ ಸಭೆಗೆ ಹೋಯಿತು. ಗೂಳಪ್ಪನಿಗೆ ಈಗ ಎಪ್ಪತ್ತು, ಮೊಣಕಾಲು ಬಿದ್ದಿದೆ. ಮುಂದಿನ ಸಭೆಗೂ ಕುರ್ಚಿ ಹತ್ತುತ್ತೇನೆ ಎನ್ನುತ್ತಾನೆ.

ಆ ಸಭೆಗೆ ನೀವು ಬರಬೇಕಾಗಿಲ್ಲ. ನೀವೂ ಯಾವುದೋ ಒಂದು ಸಂಘದ, ಸೊಸೈಟಿಯ, ಆಸ್ಪತ್ರೆಯ ಸಮಿತಿಯಲ್ಲಿ ಕೂತಿದ್ದೀರಿ, ಚಪ್ಪಾಳೆ ಹೊಡೆದು ನಿಯಮಾವಳಿ ಪಾಸು ಮಾಡಿದ್ದೀರಿ. ಅದನ್ನು ಕಪಾಟಿನಿಂದ ತೆಗೆಯಿರಿ. ಸಂಬಂಧ ಎನ್ನುವ ಖಾನೆ ಎಲ್ಲಿದೆ ನೋಡಿ. ಅದರ ಕೆಳಗೆ ಗೂಳಪ್ಪನ ಆ ಒಂದು ಸಾಲು ಬರೆದು ಈ ವರ್ಷದ ಸಭೆಯಲ್ಲಿ ಇಡಿ, ಮತ್ತು ಎಣಿಸುವ ಹೊತ್ತಿಗೆ ನಿಮ್ಮ ಕೈ ಮೇಲಿರಲಿ.