ಮೇಷ್ಟ್ರು ಕಟ್ಟೆಯ ಮೇಲೆ ಕೂತ ದಿನ

ಒಂದು ಕಾಲಿಗೆ ತಂಪು, ಇನ್ನೊಂದಕ್ಕೆ ಬಿಸಿ. ಬಲಗಾಲು ಪಡಸಾಲೆಯ ಸಾರಿಸಿದ ನೆಲದ ಮೇಲೆ, ಎಡಗಾಲು ಹೊರಗಿನ ಕಟ್ಟೆಯ ಕಾದ ಕಲ್ಲಿನ ಮೇಲೆ, ನಡುವೆ ಅರಿಶಿನ ಬಳಿದ ಹೊಸ್ತಿಲು. ಹೊಸ್ತಿಲ ಮೇಲೆ ನಿಲ್ಲಬಾರದೆಂದು ಅಜ್ಜಿಯ ಕಟ್ಟಪ್ಪಣೆ. ಅದಕ್ಕೇ ಅದನ್ನು ಎರಡು ಕಾಲುಗಳ ನಡುವೆ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ.

ಆ ಕಾಲದಲ್ಲಿ ದಾವಣಗೆರೆಯ ನಮ್ಮ ಓಣಿಯ ಮಕ್ಕಳಿಗೆ ಬೇಸಿಗೆ ರಜೆ ಮುಗಿಯಿತೆಂದು ಗೊತ್ತಾಗುತ್ತಿದ್ದುದು ಹಾಲಪ್ಪ ಮೇಷ್ಟ್ರ ಕೊಡೆ ಕಂಡಾಗ. ಶಾಲೆ ತೆರೆಯುವ ಮುಂಚೆ ಅವರು ಮನೆಮನೆಗೆ ಬಂದು ಹೆತ್ತವರೊಡನೆ ಮಾತಾಡಿ ಹೋಗುವುದು ರೂಢಿ. ಜೂನ್ ತಿಂಗಳ ಗಾಳಿಗೆ ಮಿಲ್ಲಿನ ಕಡೆಯಿಂದ ಹತ್ತಿಯ ಎಳೆ ಹಾರಿ ಬಂದು ಮಾಳಿಗೆಯ ಮೇಲಿನ ಹಪ್ಪಳಕ್ಕೆ ಅಂಟುತ್ತಿತ್ತು. ಹಿಂದಿನ ಓಣಿಯ ಮಂಡಕ್ಕಿ ಭಟ್ಟಿಯಿಂದ ಕಾದ ಮರಳಿನ ವಾಸನೆ ಬರುತ್ತಿತ್ತು. ಕುಂಟಬಿಲ್ಲೆ ಆಡುತ್ತಿದ್ದ ನಾವು ಓಣಿಯ ತುದಿಯಲ್ಲಿ ಕೊಡೆ ಕಂಡೊಡನೆ ಬಿಲ್ಲೆ ಬಿಸಾಕಿ ನಮ್ಮ ನಮ್ಮ ಬಾಗಿಲಿಗೆ ಓಡಬೇಕಿತ್ತು. ನಾವಿಲ್ಲದೆ ಮಾತು ನಡೆಯುತ್ತಿರಲಿಲ್ಲ.

ಹಗಲು ಹೊತ್ತಿನಲ್ಲಿ ಗಂಡಸರು ಮನೆಯಲ್ಲಿ ಇರುತ್ತಿರಲಿಲ್ಲ. ಅಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತರು. ಮನೆಯ ಹೆಂಗಸರು ಹೊರಗಿನ ಗಂಡಸಿನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಹೀಗಾಗಿ ಮೇಷ್ಟ್ರು ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂರುತ್ತಿದ್ದರು, ಅಜ್ಜಿ ಬಾಗಿಲ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಡುವೆ ನಿಂತ ಮಗು ಅದನ್ನು ಮತ್ತೊಮ್ಮೆ ಹೇಳಬೇಕು. ಮಗು ಹೇಳುವವರೆಗೆ ಆ ಮಾತು ಆಡಿದಂತಲ್ಲ. ಪಕ್ಕದ ಮನೆಯ ಮುಮ್ತಾಜಳದೂ ಇದೇ ಪಾಡು. ಅವರಲ್ಲಿ ಬಾಗಿಲ ಬದಲು ಗೋಣಿಯ ಪರದೆ. ಅವಳ ಅಮ್ಮ ಉರ್ದುವಿನಲ್ಲಿ ಉದ್ದಕ್ಕೆ ಹೇಳಿದ್ದನ್ನು ಅವಳು ಕನ್ನಡದಲ್ಲಿ ಗಿಡ್ಡ ಮಾಡಿ ಒಪ್ಪಿಸುತ್ತಿದ್ದಳು. ಓದದಿದ್ದರೆ ಚೆನ್ನಾಗಿ ಬಾರಿಸಿ ಎಂಬ ಭಾಗ ಪ್ರತಿ ವರ್ಷ ಪರದೆಯ ಹಿಂದೆಯೇ ಉಳಿಯುತ್ತಿತ್ತು.

ನನಗೆ ಆ ಜಾಣತನವಿರಲಿಲ್ಲ. ಕೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳುತ್ತಿದ್ದೆ. ಮೇಷ್ಟ್ರು ದೂರಿನಿಂದ ಎಂದೂ ಶುರು ಮಾಡುತ್ತಿರಲಿಲ್ಲ. ಮೊದಲು ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು.

“ಅಜ್ಜಿಗೆ ಹೇಳವ್ವ, ಹುಡುಗಿ ಲೆಕ್ಕದಾಗೆ ಚುರುಕದಾಳೆ.”

ನಾನು ಒಳಗೆ ತಿರುಗಿ, ನಾನು ಲೆಕ್ಕದಲ್ಲಿ ಚುರುಕಂತೆ ಎನ್ನಬೇಕಿತ್ತು. ಕಿವಿ ಬಿಸಿಯಾಗುತ್ತಿತ್ತು.

“ಲೆಕ್ಕ ಇರ್ಲಿ. ರೊಟ್ಟಿ ತಟ್ಟಿದ್ರೆ ಹರಿಹರದ ಹೊಳೆ ಹರಿದಂಗೆ ಸೊಟ್ಟಕೆ ಹೋಗ್ತೈತೆ ಅಂತ ಹೇಳು.”

ಅದನ್ನೂ ನನ್ನ ಬಾಯಿಂದಲೇ ಹೊರಗೆ ಹೇಳುತ್ತಿದ್ದೆ. ಮೇಷ್ಟ್ರು ಬೀದಿ ನೋಡುತ್ತಲೇ ನಗುತ್ತಿದ್ದರು. ಆಮೇಲೆ ಅವರ ಪ್ರಶ್ನೆಗಳು. ದೀಪದ ಮುಂದೆ ಓದುವಾಗ ಕಣ್ಣು ಉಜ್ಜುತ್ತಾಳೆಯೇ, ಬೆಳಿಗ್ಗೆ ಏನಾದರೂ ತಿಂದು ಬರುತ್ತಾಳೆಯೇ, ಮನೆಯಲ್ಲಿ ಯಾರ ಹತ್ತಿರ ಹೆಚ್ಚು ಮಾತಾಡುತ್ತಾಳೆ. ಕೊನೆಯ ಪ್ರಶ್ನೆಗೆ ಅಜ್ಜಿ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದಳು: “ಇದು ಮಾತಾಡೋದೆಲ್ಲೈತೆ? ಕಲ್ಲು.”

ಆ ಕಲ್ಲು ಎಂಬ ಮಾತನ್ನೂ ನಾನೇ ದಾಟಿಸುತ್ತಿದ್ದೆ.

ಅವ್ವ ಈ ಯಾವುದರಲ್ಲೂ ಇರುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವಳ ಸೀರೆಯ ಅಂಚಷ್ಟೇ ಕಾಣುತ್ತಿತ್ತು. ಅತ್ತೆ ಕೂತಿರುವಾಗ ಸೊಸೆ ಮೇಷ್ಟ್ರಿಗೆ ಮಾತು ಕಳಿಸುವುದು ನಮ್ಮ ಓಣಿಯ ಯಾವ ಮನೆಯಲ್ಲೂ ಇರಲಿಲ್ಲ.

ನಾನು ಏಳು ಮುಗಿಸಿ ಎಂಟಕ್ಕೆ ಹೋಗಬೇಕಿದ್ದ ವರ್ಷ ಮೇಷ್ಟ್ರು ಬರುವ ಹೊತ್ತಿಗೆ ನನ್ನ ತಗಡಿನ ಟ್ರಂಕು ಪಡಸಾಲೆಯ ಗೋಡೆಗೆ ಬಂದಿತ್ತು. ಮರುದಿನದ ಬೆಳಗಿನ ರೈಲಿಗೆ ನನ್ನನ್ನು ಹರಿಹರದ ಸೋದರತ್ತೆಯ ಮನೆಗೆ ಕಳಿಸುವುದೆಂದು ಅಜ್ಜಿ ಗೊತ್ತು ಮಾಡಿದ್ದಳು. ಅತ್ತೆಗೆ ಕೂಸುಗಳು ಮೇಲಿಂದ ಮೇಲೆ, ಎರಡು ಎಮ್ಮೆ ಬೇರೆ. ಮನೆಗೆಲಸ ಕಲಿತ ಹಾಗೂ ಆಗುತ್ತದೆ, ನಾಳೆ ಅವಳ ದೊಡ್ಡ ಮಗನಿಗೇ ತಂದುಕೊಂಡರೆ ಹುಡುಗಿ ಹೊಸಬಳೆನಿಸುವುದಿಲ್ಲ ಎಂಬುದು ಅಜ್ಜಿಯ ಲೆಕ್ಕಾಚಾರ. ಅಪ್ಪ ತಾಯಿಯ ಮಾತಿಗೆ ಎದುರಾಡಿದವರಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ. ಆ ಬೇಸಿಗೆಯಲ್ಲಿ ಹತ್ತು ದಿನ ಅಲ್ಲಿದ್ದು ಬಂದಿದ್ದೆ. ಹಿತ್ತಿಲ ಬಾಗಿಲು ತೆರೆದರೆ ಹೊಳೆ ಕಾಣುತ್ತಿತ್ತು. ಆ ಬಾಗಿಲಿಗೆ ಸದಾ ಅಗುಳಿ ಹಾಕಿರುತ್ತಿದ್ದರು.

ಮೇಷ್ಟ್ರು ಬಂದರು. ಕೊಡೆ ಮಡಚಿ ಕಟ್ಟೆಯ ಮೇಲೆ ಕೂತರು. ಅಜ್ಜಿ ಹೇಳಿದಂತೆ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿ ಕೊಟ್ಟು ನನ್ನ ಜಾಗದಲ್ಲಿ ನಿಂತೆ.

“ಅಜ್ಜಿಗೆ ಹೇಳವ್ವ, ನಾಳೆ ಸ್ಕೂಲು ತೆಗಿತೈತೆ. ಈ ವರ್ಷ ಮಿಡ್ಲ್ ಸ್ಕೂಲಿನ ದೊಡ್ಡ ಪರೀಕ್ಷೆ. ಹುಡುಗಿ ಪಾಸಾಗ್ತಾಳೆ, ನನಗೆ ನಂಬಿಕೆ ಐತೆ.”

ನಾನು ಹೇಳಿದೆ. ಒಳಗಿನಿಂದ ಅಜ್ಜಿ ಅಡಿಕೆ ಕತ್ತರಿಸುತ್ತಲೇ ಅಂದಳು: “ಈ ವರ್ಷದಿಂದ ಕಳ್ಸಲ್ಲ ಅಂತ ಹೇಳು. ಹರಿಹರಕ್ಕೆ ಹೋಗ್ತಾಳೆ. ಓದಿದ್ದು ಸಾಕು.”

ನಾನು ಹೊರಗೆ ತಿರುಗಿದೆ. ನಾನು ಬರುವುದಿಲ್ಲ, ನನ್ನ ಓದು ಸಾಕು. ಇಷ್ಟೇ. ಎಷ್ಟೋ ಕಷ್ಟದ ಮಾತುಗಳನ್ನು ಹೀಗೆ ದಾಟಿಸಿದ್ದೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ.

ಮೇಷ್ಟ್ರು ಒಂದೊಂದೇ ಮಂಡಕ್ಕಿ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಜ್ಜಿಯ ಮಾತು ಅವರಿಗೆ ಕೇಳಿಸಿತ್ತು. ಪಕ್ಕದ ಕಟ್ಟೆಯ ಮೇಲೆ ನಿಂತ ಮುಮ್ತಾಜಳಿಗೂ ಕೇಳಿಸಿತ್ತು.

“ಗಿರಿಜಾ, ಬಾಯಾಗೇನು ಅವಲಕ್ಕಿ ಐತೇನೆ? ಹೇಳೆ,” ಅಂದಳು ಅಜ್ಜಿ.

ನನ್ನ ಎಡಗಾಲು ಸುಡುತ್ತಿತ್ತು. ಎತ್ತಿ ಒಳಗಿಡಲೂ ಆಗಲಿಲ್ಲ, ಬಲಗಾಲನ್ನು ಹೊರಗೆ ತರಲೂ ಆಗಲಿಲ್ಲ. ಅಜ್ಜಿ ಇನ್ನಷ್ಟು ಗಟ್ಟಿಯಾಗಿ, ಮೇಷ್ಟ್ರಿಗೇ ಕೇಳಲಿ ಎಂಬಂತೆ, ಅದೇ ಮಾತನ್ನು ಮತ್ತೆ ಹೇಳಿದಳು. ಮೇಷ್ಟ್ರು ಬೀದಿಯಿಂದ ಕಣ್ಣು ತೆಗೆಯದೆ, ಬಹಳ ಮರ್ಯಾದೆಯ ದನಿಯಲ್ಲಿ ಅಂದರು:

“ಒಳಗಿಂದು ನನಗೇನೂ ಕೇಳ್ಸಲಿಲ್ಲವ್ವ. ನೀನು ಹೇಳಿದ್ಮ್ಯಾಲೇ ನನಗೆ ಕೇಳ್ಸೋದು. ಅವಸರ ಇಲ್ಲ, ಕೂತಿರ್ತೀನಿ.”

ಅವರು ಕೂತೇ ಇದ್ದರು. ಮಂಡಕ್ಕಿ ಮುಗಿಯಿತು, ನೀರು ಕುಡಿದರು. ಅಡಕತ್ತರಿಯ ಸದ್ದು ನಿಂತಿತು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಒಂದು ದನಿ ಬಂತು.

“ಗಿರಿಜಾ, ಮೇಷ್ಟ್ರಿಗೆ ಹೇಳು. ನಾಳೆ ಬರ್ತಾಳೆ ಅಂತ.”

ಅವ್ವ ನನ್ನ ಮೂಲಕ ಹೊರಗೆ ಕಳಿಸಿದ ಮೊದಲ ಮಾತು ಅದು. ನಾನು ಒಳಗೆ ನೋಡಲಿಲ್ಲ. ನೋಡಿದರೆ ಅಜ್ಜಿಯ ಮುಖ ಕಾಣುತ್ತಿತ್ತು.

“ನಾಳೆ ಬರ್ತೀನಂತೆ ಸಾರ್,” ಅಂದೆ.

ಮೇಷ್ಟ್ರು ತಟ್ಟನೆ ಎದ್ದರು. “ಆತು. ಮನೆಯವರ ಮಾತು ಬಂತು,” ಎಂದು ಬಾಗಿಲಿಗೆ ಕೈ ಮುಗಿದು, ಕೊಡೆ ಬಿಚ್ಚುವುದನ್ನೂ ಮರೆತು, ಇನ್ನೊಂದು ಮಾತು ಹೊರಡುವ ಮುಂಚೆ ಓಣಿ ದಾಟಿದರು. ಕೊಟ್ಟ ಮಾತನ್ನು ಹಿಂದಕ್ಕೆ ಕರೆಯುವುದು ಅಜ್ಜಿಗೆ ಅವಮಾನ. ಅದು ಅವರಿಗೆ ಗೊತ್ತಿತ್ತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಆ ದಿನಕ್ಕೇ ಮುಗಿಯುತ್ತಿತ್ತೇನೋ. ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಕರೆದಳು. ಅವ್ವ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಿಟ್ಟು ನಾದುತ್ತಿದ್ದಳು.

“ನಿಮ್ಮವ್ವಗೆ ಹೇಳು, ಇವತ್ತು ನನಗೆ ರೊಟ್ಟಿ ಬ್ಯಾಡ ಅಂತ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವ್ವನಿಗೆ ಕೂಡಲೇ ಅರ್ಥವಾಯಿತು. ಅವಳು ಹಿಟ್ಟಿನಿಂದ ತಲೆ ಎತ್ತದೆ, ನಾನು ಹೇಳಲಿ ಎಂದು ಕಾದಳು. ಹೇಳಿದೆ.

ಅಂದಿನಿಂದ ಅಜ್ಜಿ ಸಾಯುವವರೆಗೂ, ನಾನು ಮನೆಯಲ್ಲಿದ್ದಾಗಲೆಲ್ಲ, ಆ ಇಬ್ಬರ ನಡುವಿನ ಪ್ರತಿ ಮಾತು ನನ್ನ ಮೇಲೆ ಹಾದುಹೋಯಿತು. ಉಪ್ಪು ಕಡಿಮೆ, ನೀರು ಕಾದಿದೆ, ಅಗಸರವಳು ಬಂದಿದ್ದಾಳೆ. ನಾನು ಹೊರಗೆ ಆಡಲು ಹೋದರೆ ಮನೆ ನಿಂತುಬಿಡುತ್ತಿತ್ತು. ಶಾಲೆಯಿಂದ ಬರುವ ಹೊತ್ತಿಗೆ ಇಬ್ಬರೂ ದಿನವಿಡೀ ಕೂಡಿಟ್ಟ ಮಾತು ಹಿಡಿದು ಕಾದಿರುತ್ತಿದ್ದರು. ಅಪ್ಪ ಇದನ್ನೆಲ್ಲ ಮಳೆ ಬಿಸಿಲಿನಂತೆ ಒಪ್ಪಿಕೊಂಡರು. ನನಗೆ ಓದು ಸಿಕ್ಕಿತು. ಹೊಸ್ತಿಲು ಮಾತ್ರ ಬಾಗಿಲು ಬಿಟ್ಟು ಮನೆಯ ನಡುವೆ ಬಂದು ಕೂತಿತು. ಎಂ.ಎ. ಓದಲು ಮೈಸೂರಿಗೆ ಹೋದಾಗ ಹಾಸ್ಟೆಲಿನ ಕೋಣೆಯಲ್ಲಿ ಯಾರೂ ನನ್ನನ್ನು ‘ಹೇಳು’ ಎನ್ನದ ಮೊದಲ ಸಂಜೆ, ಏನು ಮಾಡಬೇಕೆಂದು ತಿಳಿಯದೆ ಕಿಟಕಿಯ ಬಳಿ ನಿಂತಿದ್ದೆ.

ಈಗ ಹರಿಹರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಸೋದರತ್ತೆಯ ಮನೆಯ ಮುಂದೆಯೇ ದಿನವೂ ಹೋಗುತ್ತೇನೆ. ಜೂನ್ ಬಂದರೆ ಹೆತ್ತವರಿಗೆ ಅಚ್ಚು ಹಾಕಿಸಿದ ಕಾರ್ಡು ಹೋಗುತ್ತದೆ. ತಾಯಂದಿರು ಬಂದು ನನ್ನ ಮೇಜಿನ ಮುಂದೆ ನಿಂತು ನೇರವಾಗಿ ಮಾತಾಡುತ್ತಾರೆ. ಅದು ಒಳ್ಳೆಯದು, ಮಕ್ಕಳು ನಡುವೆ ನಿಲ್ಲಬೇಕಿಲ್ಲ. ಆದರೆ ಹೋದ ವಾರ ಒಬ್ಬ ತಾಯಿ ಮಗಳ ಭುಜ ಹಿಡಿದು, ಇವಳನ್ನು ಇನ್ನು ಕಳಿಸುವುದಿಲ್ಲ ಎಂದರು. ನಡುವೆ ದಾಟಿಸುವವರಿಲ್ಲದೆ ಆ ಮಾತು ನೇರವಾಗಿ ನನ್ನ ಮೇಜಿಗೆ ಬಂದು ಬಿದ್ದಿತ್ತು. ನನಗೆ ಕೇಳಿಸಲಿಲ್ಲ ಎನ್ನಲು ನನ್ನ ಬಳಿ ಕಟ್ಟೆ ಇರಲಿಲ್ಲ, ಬಾಗಿಲಿರಲಿಲ್ಲ, ಕೂತು ಕಾಯುವಷ್ಟು ಮಂಡಕ್ಕಿಯೂ ಇರಲಿಲ್ಲ. ಏನೇನೋ ಹೇಳಿದೆ. ಅವರು ತಲೆಯಾಡಿಸಿ ಹೋದರು.

ನನ್ನ ಜೊತೆಗೇ ಇರುವ ಅವ್ವ ಈಗಲೂ ಏನಾದರೂ ಬೇಕಾದಾಗ ನನ್ನ ಕೋಣೆಯ ಬಾಗಿಲಿಗೆ ಬಂದು, ನಡುವೆ ಯಾರೋ ಇರಬೇಕಿತ್ತು ಎಂಬಂತೆ ಕಾದು ನಿಲ್ಲುತ್ತಾಳೆ.

ಮೇಷ್ಟ್ರು ಬಂದುಹೋದ ಮರುದಿನ ಬೆಳಿಗ್ಗೆ ಮಿಲ್ಲಿನ ಕೂಗಿಗೆ ಎದ್ದೆ. ಟ್ರಂಕು ತೆರೆದು, ಮಡಿಕೆಯ ಗೆರೆ ಬಿದ್ದ ಲಂಗವನ್ನೇ ಉಟ್ಟುಕೊಂಡೆ. ಜಡೆ ಬಿಗಿಯಾಗಿ ಹಾಕಲಿ ಅಂತ ನಿಮ್ಮವ್ವಗೆ ಹೇಳು ಎಂದಳು ಅಜ್ಜಿ, ಹೇಳಿದೆ. ಹಾಕ್ತಿದೀನಿ ಅಂತ ಹೇಳು ಎಂದಳು ಅವ್ವ, ಅದನ್ನೂ ಹೇಳಿದೆ. ನೆತ್ತಿ ನೋಯುವಷ್ಟು ಬಿಗಿಯಾದ ಜಡೆಯೊಡನೆ ಶಾಲೆಗೆ ಹೋಗಿ, ಮೇಷ್ಟ್ರು ಹಾಜರಿ ಕೂಗುವುದನ್ನು ಕಾದು ಕೂತೆ. ನನ್ನ ಹೆಸರು ಬಂದಾಗ ಎದ್ದು ನಿಂತು, ಯಾರೂ ಹೇಳಿಕೊಡದ ಒಂದು ಮಾತು ಹೇಳಿದೆ.

“ಹಾಜರ್ ಸಾರ್.”