ಮುಟ್ಟಿದರೆ ಮುನಿಯುವ ಅಂಗಡಿ

ನನ್ನಷ್ಟು ಜಾಣ ಪ್ರೋಗ್ರಾಮರ್ ಚೆನ್ನೈನ ಇಡೀ ವೆಸ್ಟ್ ಮಾಂಬಲಂನಲ್ಲಿ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ನಾನೊಬ್ಬನೇ. ನಾನು ಬರೆದ ಕೋಡನ್ನು ಬೇರೆ ಯಾರೂ ಮುಟ್ಟಲಾರರೆಂಬುದೇ ನನ್ನ ಹೆಮ್ಮೆ. ಮನೆ ಕಟ್ಟಿದ ಮೇಸ್ತ್ರಿ ಬೀಗದ ಕೈಯನ್ನು ತಾನೇ ಇಟ್ಟುಕೊಂಡರೆ ಜನ ಬೈಯುತ್ತಾರೆ. ಕಂಪ್ಯೂಟರಿನವನು ಅದನ್ನೇ ಮಾಡಿದರೆ ಎಕ್ಸ್‌ಪರ್ಟ್ ಎನ್ನುತ್ತಾರೆ.

ಎದುರು ಫ್ಲಾಟಿನ ರುಕ್ಮಿಣಮ್ಮ ಮೈಸೂರು ಕಡೆಯವರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಕೋಡುಬಳೆ, ಪುಳಿಯೋಗರೆ ಗೊಜ್ಜು ಮಾರಿ ಸಂಸಾರ ನಡೆಸುತ್ತಿದ್ದರು. ಅವರಿಗೊಂದು ಆನ್‌ಲೈನ್ ಅಂಗಡಿ ಮಾಡಿಕೊಟ್ಟೆ. ಗಿರಾಕಿಗಳು ತಿಂಡಿಯ ಪುಟ ನೋಡಿ, ಅದರ ತಲೆಯ ಮೇಲಿದ್ದ ನಂಬರಿಗೆ ಫೋನ್ ಮಾಡಬೇಕು. ನಲವತ್ತು ತಿಂಡಿಗೆ ನಲವತ್ತು ಪುಟ. ನಂಬರನ್ನು ಒಂದೇ ಕಡೆ ಬರೆದಿಟ್ಟು ಎಲ್ಲ ಪುಟಗಳೂ ಅಲ್ಲಿಂದಲೇ ಎತ್ತಿಕೊಳ್ಳುವಂತೆ ಮಾಡಬಹುದಿತ್ತು. ಅದು ಸಾಮಾನ್ಯರ ದಾರಿ. ನಾನು ನಲವತ್ತು ಕಡೆ ಅಂಟಿಸಿದೆ, ಒಂದೊಂದು ಕಡೆ ಒಂದೊಂದು ಕೈಚಳಕ. ಫೈಲುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ಅಪ್ಪಟ ಕನ್ನಡದ ಹೆಸರು: ‘ಹೊಸದು’, ‘ಇನ್ನೂ ಹೊಸದು’, ‘ನಿಜವಾಗಿಯೂ ಹೊಸದು’. ಚೆನ್ನೈನಲ್ಲಿ ಕನ್ನಡದ ಸೇವೆಗೆ ನನಗೆ ಸಿಕ್ಕ ಜಾಗ ಅದೊಂದೇ.

ಒಂದು ವರ್ಷ ದೀಪಾವಳಿಗೆ ಮುಂಚೆ ಊರಿನ ಫೋನ್ ನಂಬರುಗಳಿಗೆಲ್ಲ ಮುಂದೊಂದು ಅಂಕಿ ಸೇರಿತು. ನಾನು ಪುಟಗಳನ್ನೆಲ್ಲ ತಿದ್ದಿದೆ, ಅಂದರೆ ಕಣ್ಣಿಗೆ ಬಿದ್ದಷ್ಟನ್ನು. ಕೋಡುಬಳೆಯ ಪುಟ ಬೀಳಲಿಲ್ಲ, ಅಲ್ಲಿ ಹಳೆಯ ನಂಬರೇ ಉಳಿಯಿತು. ಹಬ್ಬದ ಸಂಪಾದನೆಯೆಲ್ಲ ಅದರಿಂದಲೇ. ರುಕ್ಮಿಣಮ್ಮ ಡಬ್ಬಗಟ್ಟಲೆ ಕರಿದಿಟ್ಟು ನಾಲ್ಕು ದಿನ ಫೋನಿನ ಪಕ್ಕ ಕೂತರು. ಐದನೆಯ ದಿನ ನಮ್ಮ ಬಾಗಿಲಿಗೆ ಬಂದರು.

“ಏನಪ್ಪಾ, ಯಾರಿಗೂ ನನ್ನ ಕೋಡುಬಳೆ ವೇಂಡಾಮಾ, ಬೇಡ್ವಾ? ಕೈರುಚಿ ಹೋಗ್ಬಿಡ್ತಾ?”

ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಮ್ಮ ಕೈಯನ್ನೇ ಅನುಮಾನಿಸಿದರಲ್ಲ, ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ತಪ್ಪು ನನ್ನದೆಂದು ಹೇಳಿ ಕೋಡು ತೆರೆದರೆ, ನಿಜವಾಗಿಯೂ ಹೊಸದು ಯಾವುದೆಂದು ನನಗೇ ತಿಳಿಯದು.

ಅಡ್ಯಾರಿನ ನಮ್ಮ ಆಫೀಸಿನ ಮಲರ್‌ವಿಳಿಯ ಮುಂದೆ ಅದನ್ನು ಇಟ್ಟೆ. ಅವಳು ಬಹಳ ಹೊತ್ತು ನೋಡಿ, ಇದನ್ನು ಬರೆದವರು ಇನ್ನೂ ಇದ್ದಾರಾ ಎಂದು ತಮಿಳಿನಲ್ಲಿ ವಿನಯವಾಗಿ ಕೇಳಿದಳು. ಊರು ಬಿಟ್ಟು ಹೋದ ಎಂದೆ. ಕನ್ನಡದವರಾ ಎಂದಳು. ಇರಬಹುದು ಎಂದೆ. ಸಂಜೆಯೊಳಗೆ ನನ್ನ ಕೈಚಳಕವನ್ನೆಲ್ಲ ಗುಡಿಸಿ ಹಾಕಿ, ನಂಬರಿದ್ದ ತಲೆಭಾಗವನ್ನು ಒಂದೇ ಫೈಲಿನಲ್ಲಿಟ್ಟಳು. ನಂಬರು, ಬೆಲೆ ಎಲ್ಲಿ ಬದಲಾಯಿಸಬೇಕೆಂದು ರುಕ್ಮಿಣಮ್ಮನಿಗೂ ತೋರಿಸಿಕೊಟ್ಟಳು. ಮರುದಿನದಿಂದ ಫೋನ್ ಬಡಿದುಕೊಳ್ಳತೊಡಗಿತು. ಹಬ್ಬಕ್ಕೆ ಡಬ್ಬಗಳು ಖಾಲಿಯಾದವು.

ಮೊದಲೆಲ್ಲ ಒಂದು ಬೆಲೆ ಬದಲಿಸಲೂ ನನ್ನನ್ನು ಕರೆಯುತ್ತಿದ್ದ ರುಕ್ಮಿಣಮ್ಮ ಆಮೇಲೆ ತಿಂಗಳುಗಟ್ಟಲೆ ಕರೆಯಲೇ ಇಲ್ಲ. ಏನೂ ಕೆಟ್ಟಿಲ್ಲವಲ್ಲ ಎಂದು ನನಗೆ ಒಳಗೊಳಗೇ ಸಂಕಟ. ಒಂದು ಭಾನುವಾರ ಕರೆ ಬಂತು. ನಾನು ಉತ್ಸಾಹದಿಂದ ಏನಾಯಿತು ಎಂದೆ.

“ಏನೂ ಆಗಿಲ್ಲಪ್ಪ, ನಿನ್ನ ಹತ್ರ ಕೆಲಸ ಏನಿಲ್ಲ. ಸುಮ್ನೆ ಕಾಫಿಗೆ ಬಾ.”

ಅಷ್ಟು ವರ್ಷದಲ್ಲಿ ನಾನು ಬೇಕೆಂದು ಅವರು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ಬೇರೆ ಗತಿಯಿಲ್ಲದೆ ಕರೆಯುತ್ತಿದ್ದರು.